ಐವತ್ತು ದಾಟದ ಗಾಡಿ

ತಿಗನಾರೆ, ತಾಳವಾಡಿ
ಭಾನುವಾರ, 5-10-2025

ಪ್ರೀತಿಯ ತಮ್ಮ ವೃಷಭನಿಗೆ,

ಅಕ್ಕ ಸೌಮ್ಯಳ ಆಶೀರ್ವಾದಗಳು. ಹೇಗಿದ್ದೀಯ? ಕೊಯಮತ್ತೂರಿನ ನೀರು ಈಗಲಾದರೂ ಮೈಗೆ ಹಿಡಿಯಿತಾ? ಮೋಟಾರು ಕಾರ್ಖಾನೆಯಲ್ಲಿ ದಿನವಿಡೀ ನಿಂತು ಸೊಂಟ ನೋವು ಅಂದಿದ್ದೆಯಲ್ಲ, ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಅದನ್ನು ನೆನಪಿಸುವವರೂ ಅಲ್ಲಿಲ್ಲವಾ? ನಿನ್ನ ಹೆಂಡತಿ ಶ್ವೇತ ಚೆನ್ನಾಗಿದ್ದಾಳೆ ಅಂದುಕೊಂಡಿದ್ದೇನೆ. ಅಂದುಕೊಳ್ಳುವುದೇನು, ಅವಳ ಸ್ಟೇಟಸ್ಸಿನಲ್ಲಿ ದಿನಾ ನೋಡುತ್ತೇನಲ್ಲ. ಇಲ್ಲಿ ಅಪ್ಪ ಅವ್ವ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಆನೆ ಈ ಸಲ ನಮ್ಮ ಜೋಳ ಬಿಟ್ಟು ಪಕ್ಕದ ಶಿವಮೂರ್ತಿಯ ಹೊಲಕ್ಕೆ ಹೋಯಿತು. ಅವ್ವ ಅವರ ಮನೆಗೆ ಹೋಗಿ ಅಯ್ಯೋ ಪಾಪ ಎಂದು ಬಂದಳು, ಬಂದವಳು ಖುಷಿಯಾಗಿ ಎರಡು ಮುದ್ದೆ ಉಂಡಳು. ನಮ್ಮ ಮನೆಯಲ್ಲಿ ಹೊಟ್ಟೆಕಿಚ್ಚು ಇರುವುದು ನನಗೊಬ್ಬಳಿಗೇ ಅಲ್ಲ ನೋಡು.

ಫೋನಿರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ನಿನ್ನ ಫೋನು ಈಗ ನಿನ್ನದಲ್ಲ. ನಾನು ಹಲೋ ಅನ್ನುವುದರೊಳಗೆ ಸ್ಪೀಕರ್ ಹಾಕುತ್ತೀಯ, ಆ ಕಡೆಯಿಂದ ‘ಅತ್ತಿಗೆ, ಊಟ ಆಯ್ತಾ?’ ಎಂಬ ಸಕ್ಕರೆಯಂಥ ದನಿ ಬರುತ್ತದೆ. ಹೆಣ್ಣು ಒಳ್ಳೆಯವಳೇ. ಅದೇ ನನಗೆ ಕಷ್ಟ. ಕೆಟ್ಟವಳಾಗಿದ್ದರೆ ನಾಲ್ಕು ಮಂದಿಯ ಹತ್ತಿರ ಹೇಳಿಕೊಂಡು ಹಗುರಾಗುತ್ತಿದ್ದೆ. ಅದಕ್ಕೇ ಈ ಕಾಗದ, ಅದೂ ಕಾರ್ಖಾನೆಯ ವಿಳಾಸಕ್ಕೆ. ಓದಿ ಜೇಬಿನಲ್ಲಿಟ್ಟುಕೋ. ಅವಳಿಗೆ ತೋರಿಸಬೇಡ.

ಹೋದ ಭಾನುವಾರ ನೀನು ಕೇಳಿದ ಮಾತಿಗೆ ಬರುತ್ತೇನೆ. ‘ಅಕ್ಕೋ, ನೀ ಕೂತಿರುವಾಗ ಗಾಡಿ ಅರವತ್ತೈದ್ರಲ್ಲಿ ಸಲೀಸಾಗಿ ಓಯ್ತಿತ್ತು. ಈಗ ಐವತ್ತು ದಾಟುದ್ರ ಇಂಜಿನ್ನು ಅರ್ಚ್ಕತದ. ಏನ್ ಮಾಡದು?’ ಎಂದೆ. ನನಗೆ ಪಾಪ ಅನ್ನಿಸಬೇಕಿತ್ತು. ನಿಜ ಹೇಳಲಾ? ಮೂರು ದಿನ ನನ್ನನ್ನು ಹಿಡಿಯುವವರಿರಲಿಲ್ಲ. ನಾನು ಕೂತರೆ ಓಡುವ ಗಾಡಿ ಅವಳು ಕೂತರೆ ಓಡುವುದಿಲ್ಲ ಎಂದು ನೀನೇ ಬಾಯಿಬಿಟ್ಟು ಹೇಳಿದೆಯಲ್ಲ! ಅಂಗಡಿಗೆ ಬಂದವರೆಲ್ಲ ಏನಕ್ಕ ಇಷ್ಟು ಖುಷಿ ಎಂದು ಕೇಳಿದರು. ಒಬ್ಬಳ ರವಿಕೆಗೆ ಪುಕ್ಕಟೆಯಾಗಿ ಲೇಸ್ ಹಚ್ಚಿಕೊಟ್ಟೆ. ಫೋನಿಡುವಾಗ ನೀನು ಹೇಳಿದ ಕೊನೆಯ ಮಾತು ತಲೆಗೆ ಹೋದದ್ದು ನಾಲ್ಕನೆಯ ದಿನ. ‘ದೀಪಾವಳಿ ಒಳ್ಗ ಸರಿ ಓಗ್ನಿಲ್ಲ ಅಂದ್ರ ತೊಟ್ಲ ಬಿಚ್ಚಿ ಗುಜ್ರಿಗ ಆಕ್ಬುಡ್ತೀನಿ ಕಣಕ್ಕ. ಬರೀ ಬುಲೆಟ್ಟಾದ್ರ ಗಾಳಿ ಗಾಳಿ ಓಯ್ತದ.’ ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಗುಜರಿಯಿಂದಲೇ ತಂದದ್ದಲ್ಲವಾ ಅದು? ಹನ್ನೊಂದು ವರ್ಷದ ಹಿಂದೆ, ನಾನು ತಾಳವಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟ ಹೊಸದರಲ್ಲಿ, ಈ ಎಡಗಾಲು ಎಳೆದುಕೊಂಡು ಬಸ್ಸು ಹತ್ತುವುದನ್ನು ನೋಡಲಾರದೆ ನೀನು ಸತ್ಯಮಂಗಲದಿಂದ ತುಕ್ಕು ಹಿಡಿದ ಸೈಡ್‌ಕಾರೊಂದನ್ನು ಹೊತ್ತು ತಂದೆ. ಮೆಕ್ಯಾನಿಕ್ ಮಾದೇವ ಅದನ್ನು ಅಪ್ಪನ ಹಳೆಯ ಬುಲೆಟ್ಟಿನ ಎಡಮಗ್ಗುಲಿಗೆ ಬೆಸುಗೆ ಹಾಕಿ ಕೂಡಿಸಿದ. ನಾನು ಮೊದಲ ಸಲ ಹತ್ತಿ ಕೂತಾಗ ಅವ್ವ ಬೀದಿಗೆಲ್ಲ ಕೇಳುವ ಹಾಗೆ, ‘ಮದ್ವ ಆಗ ವಯ್ಸಲ್ಲಿ ನಮ್ಮುಡ್ಗಿ ತೊಟ್ಲು ಅತ್ತವ್ಳ ನೋಡ್ರವ್ವ!’ ಎಂದಳು. ಅಂದಿನಿಂದ ಅದು ಊರಿಗೆಲ್ಲ ತೊಟ್ಟಿಲು. ಭಾರ ಎಳೆಯಲಿ ಎಂದು ಮಾದೇವ ಮೊದಲು ಗಾಡಿಗೆ ಹದಿನಾಲ್ಕು ಹಲ್ಲಿನ ಸ್ಪ್ರಾಕೆಟ್ ಹಾಕಿದ್ದ, ಚೈನು ಸುತ್ತುವ ಆ ಚಿಕ್ಕ ಚಕ್ರ. ಏರು ಸಿಕ್ಕರೆ ಹೋರಿಯ ಹಾಗೆ ಹತ್ತುತ್ತಿತ್ತು, ಮಟ್ಟದ ರಸ್ತೆ ಸಿಕ್ಕರೆ ಐವತ್ತಕ್ಕೇ ಬೊಬ್ಬೆ ಹೊಡೆಯುತ್ತಿತ್ತು. ಮರುವರ್ಷ ನೀನು ಹದಿನೇಳು ಹಲ್ಲಿನದು ಹಾಕಿಸಿದೆ. ಹಾಕಿಸಿದ ದಿನವೇ ಚಾಮರಾಜನಗರದ ರಸ್ತೆಗೆ ಹೋದೆವಲ್ಲ, ಮುಳ್ಳು ಅರವತ್ತೈದು ಮುಟ್ಟಿತು, ನನ್ನ ವೇಲು ಹಾರಿಹೋಗಿ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ನೀನು ಗಾಡಿ ನಿಲ್ಲಿಸಿ ಅಷ್ಟು ದೂರ ಹಿಂದಕ್ಕೆ ಓಡಿಹೋಗಿ ತಂದುಕೊಟ್ಟೆ. ಆ ವೇಲು ಈಗಲೂ ಇದೆ, ತೂತಿನ ಸಮೇತ.

ಈಗ ಕೆಲಸದ ಮಾತು. ಮೊದಲು ತೊಟ್ಟಿಲಿನ ಗಾಲಿ ಸರಿಯಾಗಿ ಕೂತಿದೆಯಾ ಅಳೆದು ನೋಡು. ಎರಡು ನೇರ ಹಲಗೆ ತಗೋ, ಒಂದನ್ನು ಬುಲೆಟ್ಟಿನ ಎರಡೂ ಗಾಲಿಗೆ ತಾಗಿಸಿ ಇಡು, ಇನ್ನೊಂದನ್ನು ತೊಟ್ಟಿಲಿನ ಗಾಲಿಗೆ. ನಡುವಿನ ಜಾಗ ಹಿಂದೆ ಇರುವುದಕ್ಕಿಂತ ಮುಂದೆ ಮುಕ್ಕಾಲು ಇಂಚು ಕಡಿಮೆ ಇರಬೇಕು. ನನ್ನ ಹೊಲಿಗೆಯ ಟೇಪಿನಲ್ಲಿ ಎಷ್ಟು ಸಲ ಅಳೆದಿದ್ದೇವೆ, ಮರೆತೆಯಾ? ಅದು ತಪ್ಪಿದರೆ ಟೈರು ರಸ್ತೆಯನ್ನು ಉಜ್ಜಿಕೊಂಡೇ ಹೋಗುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಆಮೇಲೆ ಗಾಲಿಯನ್ನು ಎತ್ತಿ ಕೈಯಲ್ಲಿ ತಿರುಗಿಸು, ಬೇರಿಂಗಿಗೆ ಗ್ರೀಸು ಹಾಕಿಸು, ಮೂರೂ ಟೈರಿಗೆ ಗಾಳಿ ನೋಡು. ಎಡಗಡೆಯ ತಿರುವಿನಲ್ಲಿ ತೊಟ್ಟಿಲು ಮೇಲಕ್ಕೇಳುತ್ತದೆ, ಆಗ ಒಳಗೆ ಕೂತವರು ಎಡಕ್ಕೆ ವಾಲಬೇಕು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವಿನಲ್ಲಿ ಯಾವುದಕ್ಕೆ ಎಷ್ಟು ವಾಲಬೇಕೆಂದು ನನ್ನ ಮೈಗೇ ಗೊತ್ತಿತ್ತು, ನೀನು ಬ್ರೇಕಿನ ಮೇಲೆ ಕಾಲಿಡುವ ಮೊದಲೇ ನಾನು ವಾಲಿರುತ್ತಿದ್ದೆ. ನಿನ್ನ ಹೆಂಡತಿ ಸ್ಟೇಟಸ್ಸಿಗೆ ಹಾಕಿದ ವೀಡಿಯೊದಲ್ಲಿ ದಿಬ್ಬಣದ ಹೆಣ್ಣಿನ ಹಾಗೆ ನೆಟ್ಟಗೆ ಕೂತು ಕೈ ಬೀಸುತ್ತಾಳೆ.

ಇನ್ನು ಆ ಗಾಜು. ಅವಳ ಮುಖಕ್ಕೆ ಧೂಳು ಬೀಳಬಾರದೆಂದು ತೊಟ್ಟಿಲ ಮುಂದೆ ಬಾಗಿಲಿನಷ್ಟು ದೊಡ್ಡ ಗಾಜು ನಿಲ್ಲಿಸಿದ್ದೀಯಲ್ಲ, ಹೆದ್ದಾರಿಯಲ್ಲಿ ಗಾಳಿಯೆಲ್ಲ ಅದಕ್ಕೇ ಬಡಿಯುತ್ತದೆ, ಗಾಡಿ ಹೇಗೆ ಓಡೀತು? ಕಿತ್ತು ಹಾಕು. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಗಾಳಿಯ ಲೆಕ್ಕ. ಹೋಗಲಿ, ಹೊಟ್ಟೆಕಿಚ್ಚೂ ಇದೆ. ಹನ್ನೊಂದು ವರ್ಷ ನಾನು ಆ ಧೂಳು ಕುಡಿದೆ, ನನಗೊಂದು ಕನ್ನಡಕ ತರಬೇಕೆಂದು ನಿನಗೆ ಹೊಳೆದಿರಲಿಲ್ಲ. ಸೀಟಿಗೆ ನಾನು ಹೊಲಿದಿದ್ದ ನೀಲಿ ಕವರು ಎಲ್ಲಿ ಹೋಯಿತು? ಈಗ ಕೆಂಪು ರೆಕ್ಸಿನ್ ಅಂತೆ. ಅವಳಿಗೆ ಎರಡು ಕಾಲೂ ನೆಟ್ಟಗಿವೆ, ನಿನ್ನ ಹಿಂದೆ ಸೀಟಿನ ಮೇಲೆ ಕೂತು ಸೊಂಟ ಹಿಡಿದುಕೊಳ್ಳಬಹುದು, ಊರಿನ ಹೆಂಡತಿಯರೆಲ್ಲ ಹಾಗೇ ಅಲ್ಲವಾ ಕೂರುವುದು? ನನ್ನ ತೊಟ್ಟಿಲೇ ಬೇಕಾಯಿತಾ? ಆ ವೀಡಿಯೊವನ್ನು ನಾನು ಹದಿನಾಲ್ಕು ಸಲ ನೋಡಿದೆ. ನೋಡಬಾರದು ಅಂದುಕೊಳ್ಳುತ್ತೇನೆ, ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮತ್ತೆ ನೋಡಿರುತ್ತೇನೆ.

ಮದುವೆಯಾಗಿ ಐದು ತಿಂಗಳಾಯಿತು, ಗಾಡಿಯಲ್ಲಿ ನೀವು ಮನೆಗೆ ಬಂದದ್ದು ಒಂದೇ ಸಲ. ಅದೂ ಎಂಥ ಬರುವಿಕೆ! ನಸುಕಿನಲ್ಲೇ ಹೊರಟವರು ಮನೆ ಸೇರುವಾಗ ಹನ್ನೊಂದೂವರೆ. ಅವ್ವ ಹೋಳಿಗೆಗೆ ಹೂರಣ ರುಬ್ಬುತ್ತಿರುವಾಗಲೇ ನೀನು ಗಡಿಯಾರ ನೋಡತೊಡಗಿದೆ, ಸಂಜೆ ಬಣ್ಣಾರಿ ಚೆಕ್‌ಪೋಸ್ಟ್ ಮುಚ್ಚುವುದರೊಳಗೆ ಕಾಡು ದಾಟಬೇಕು ಎಂದು. ನನ್ನ ಹತ್ತಿರ ಕೂತು ಎರಡು ಮಾತಾಡಲಿಲ್ಲ. ಆಮೇಲೆ ಪ್ರತಿ ಭಾನುವಾರವೂ ಅದೇ ಪಲ್ಲವಿ, ‘ಗಾಡಿ ಓಡದೇ ಇಲ್ಲ ಕಣಕ್ಕ, ಬಂದೋಗಕ್ಕ ಒತ್ತು ಸಾಲ್ದು.’ ಅದು ಹೆಂಡತಿ ಹೇಳಿಕೊಟ್ಟ ನೆಪ ಎಂದು ಅವ್ವ ಅನ್ನುತ್ತಾಳೆ. ನೆಪವಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸಾಕು, ಕೈ ನೋಯುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ಹೆಲ್ಮೆಟ್ ಬಿಡಬೇಡ. ಬಿಳಿಗಿರಿ ಸಾಲಿನ ಕಡೆಯಿಂದ ಮೋಡ ಬರುತ್ತಿದೆ, ಅಪ್ಪ ಮೇವು ಮುಚ್ಚಲು ಕೂಗುತ್ತಿದ್ದಾರೆ. ಶ್ವೇತಳಿಗೆ ಕೇಳಿದೆನೆಂದು ಹೇಳು. ಮಾದಪ್ಪ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತು ನಿನ್ನ ಅಕ್ಕ,
ಸೌಮ್ಯ

ವಿ. ಸೂ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಅಷ್ಟೂ ಮಾಡಿದರೆ ನಾಲ್ಕೈದು ಕಿಲೋಮೀಟರ್ ವೇಗ ಹೆಚ್ಚೀತು, ಅಷ್ಟೇ. ಗಾಡಿ ಓಡದಿರುವುದು ನನ್ನಿಂದ. ಮದುವೆಯ ಮರುವಾರ ನೀನು ಅದನ್ನು ಸರ್ವೀಸಿಗೆ ಬಿಟ್ಟಿದ್ದೆಯಲ್ಲ, ನಾನು ಆಟೋ ಮಾಡಿಕೊಂಡು ಮಾದೇವನ ಹತ್ತಿರ ಹೋಗಿ ಹಳೆಯ ಹದಿನಾಲ್ಕು ಹಲ್ಲಿನದನ್ನೇ ಹಾಕು ಎಂದೆ. ‘ಅಣ್ಣ ಯೋಳುದ್ರಾ ಅಕ್ಕ? ಗಾಟಿಗಾದ್ರ ಸರಿ, ಮಟ್ಟದ ರೋಡಲ್ಲಿ ಓಡಲ್ವಲ್ಲ?’ ಎಂದು ಕೇಳಿದ. ‘ಊಂ, ಅವ್ನೇ ಯೋಳ್ದ’ ಎಂದುಬಿಟ್ಟೆ. ಅವನನ್ನು ಬಯ್ಯಬೇಡ. ಅರವತ್ತೈದು ನನ್ನದು ಅಂದುಕೊಂಡಿದ್ದೆ ವೃಷಭ. ಅವಳನ್ನು ಕೂರಿಸಿಕೊಂಡು ನೀನು ಅಷ್ಟು ಜೋರಾಗಿ ಹೋಗುವುದನ್ನು ನೆನೆದರೆ ನನಗೆ ತಡೆಯಲಾಗಲಿಲ್ಲ. ನೀವಿಬ್ಬರೂ ದೂರ ಹೋಗಬಾರದೆಂದು ಮಾಡಿದೆ, ನೀವು ಬಾರದೆ ಉಳಿದದ್ದು ನನ್ನ ಮನೆಗೇ. ಹದಿನೇಳು ಹಲ್ಲಿನದು ನನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಲೈನಿಂಗ್ ಬಟ್ಟೆ ಸುತ್ತಿಕೊಂಡು ಕೂತಿದೆ. ತಿಂಗಳಿಗೊಮ್ಮೆ ಮಿಷನ್ ಎಣ್ಣೆ ಹಚ್ಚಿದ್ದೇನೆ, ಒಂದು ಚೂರೂ ತುಕ್ಕು ಹಿಡಿದಿಲ್ಲ. ಬಸ್ಸಿನಲ್ಲಿ ಪಾರ್ಸೆಲ್ ಕಳಿಸಬಹುದು. ಕಳಿಸುವುದಿಲ್ಲ. ತೊಟ್ಟಿಲು ಬಿಚ್ಚದೆ ದೀಪಾವಳಿಗೆ ಇಬ್ಬರೂ ಬನ್ನಿ, ಅದರ ಬೆನ್ನಿಗೇ ಬರುವ ಗುಮಟಾಪುರದ ಸಗಣಿ ಎರಚುವ ಹಬ್ಬ ಮುಗಿಸಿಕೊಂಡು ಹೋಗುವಷ್ಟು ರಜೆ ಹಾಕು, ಮಾದೇವ ಇಲ್ಲೇ ಕೂಡಿಸಿಕೊಡುತ್ತಾನೆ. ಎಡಕ್ಕೆ ವಾಲುವುದನ್ನು ಅವಳಿಗೆ ನಾನೇ ಕಲಿಸುತ್ತೇನೆ. ಈ ಕಾಗದವನ್ನೂ ಅವಳಿಗೆ ತೋರಿಸು, ಬಯ್ದರೆ ಬಯ್ಯಲಿ. ಬರುವಾಗ ನಿಧಾನವಾಗಿಯೇ ಬನ್ನಿ, ಹೋಗುವಾಗ ಬೇಗ ಹೋಗುವಿರಂತೆ.