ಒಳಕೋಣೆಯ ಬಾಲಿ

ಮಂಗಳವಾರ, 10 ಡಿಸೆಂಬರ್

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಈ ಹಾಳೆಯ ಎದುರು ಆಸೀನರಾಗಿರುವ ಖಾಲಿ ಕುರ್ಚಿಗಳೇ — ಇಂದಿನ ವರದಿ. ಬೆಳಿಗ್ಗೆ ಹಾಲು ತಂದೆ. ಮೂವರಿಗೆ ಬೇಕು, ಇಬ್ಬರಿಗಾಗುವಷ್ಟೇ ತಂದೆ. ಮಗಳು ಬಾಲಿಗೆ ಹೋಗಿದ್ದಾಳೆಂದು ಹಾಲಿನವನಿಗೂ ಗೊತ್ತು.

ಆ ಮಗಳು, ಶ್ರಾವ್ಯಾ, ಒಳಕೋಣೆಯಲ್ಲಿದ್ದಾಳೆ. ಪರದೆ ಎಳೆದುಕೊಂಡು, ಲೈಟ್ ಹಾಕದೆ.

ಭಾನುವಾರ ನಮ್ಮ ಬಿಲ್ಡಿಂಗಿನ ಕನ್ನಡಿಗರ ಸಂಘ ಅವಳಿಗೆ ಶಾಲು ಹೊದಿಸಿ ಬೀಳ್ಕೊಟ್ಟಿತು. ಕಾಲೇಜಿನ ಟೂರು, ವಿದೇಶ! ನಿರೂಪಣೆ ನನ್ನದೇ. ಕನ್ನಡ ಮೀಡಿಯಂ ಬಿ.ಎ.ಗೆ ಪ್ರಾಸ ಬಿಟ್ಟರೆ ಬೇರೆ ಆಸ್ತಿ ಇಲ್ಲ. "ಬಾಲಿಗೆ ಹೊರಟಳು ನಮ್ಮ ಬಾಲೆ, ಕೊರಳಿಗೆ ಬೀಳಲಿ ಹೂಮಾಲೆ!" ಚಪ್ಪಾಳೆಯೋ ಚಪ್ಪಾಳೆ.

ಸೋಮವಾರ ಬೆಳಗಿನ ಜಾವ ಮೂರಕ್ಕೆ ಏರ್‌ಪೋರ್ಟ್. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕಂತೆ. ನಾಲ್ಕೇ ಉಳಿದಿತ್ತು. ಗೆಳತಿಯರೆಲ್ಲ ಒಳಗೆ ಹೋದರು. ಇವಳೊಬ್ಬಳು ಟ್ರಾಲಿ ತಳ್ಳಿಕೊಂಡು ಹೊರಗೆ ಬಂದಳು. ಪಾಸ್‌ಪೋರ್ಟ್ ನೋಡಿ "ಎಲ್ಲ ಸರಿ ಉಂಟು" ಅಂದವನು ನಾನು.

ವಾಪಸ್ ನಮ್ಮ ಮುಲುಂಡ್ ಬರುವಷ್ಟರಲ್ಲಿ ತೀರ್ಮಾನಿಸಿದೆ — ಯಾರಿಗೂ ಹೇಳುವುದು ಬೇಡ. ಬೆಳಕು ಹರಿಯುವ ಮೊದಲೇ ಮನೆ ಸೇರಿದೆವು.

ಬಾಲೆ ಕೋಣೆಯಲ್ಲಿ, ಮಾಲೆ ಫ್ರಿಜ್ಜಿನಲ್ಲಿ.

ಗುರುವಾರ, 12

ಲಿಫ್ಟಿನಲ್ಲಿ ಸಂಘದ ಅಧ್ಯಕ್ಷ ರಮಾನಾಥಣ್ಣ. "ಎಂತ ಮಾರಾಯಾ, ಗ್ರೂಪಿನಲ್ಲಿ ಮಗಳ ಒಂದು ಫೋಟೋ ಇಲ್ಲ? ನಾಳೆ ಬೀಚ್ ಅಲ್ವಾ? ನೀನೇ ಓದಿದ್ದು ಪ್ರೋಗ್ರಾಂ."

ಹೌದು, ನಾನೇ. ಮೈಕಿನಲ್ಲಿ. 'ಶುಕ್ರವಾರ — ಕಡಲ ತೀರದಲ್ಲಿ ಆರಾಮ.'

ಮನೆಗೆ ಬಂದು ಉಪಾಯ ಹೇಳಿದೆ. ಹೆಂಡತಿ ಸೇವಂತಿ ಸೌಟು ಕೆಳಗಿಟ್ಟಳು. "ನಿಮಗೆ ತಲೆ ಸರಿ ಉಂಟಾ? ಅವಳು ಗಂಜಿ ಕೂಡ ಮುಟ್ಟಲಿಲ್ಲ."

ಬಾಗಿಲ ಸಂದಿಯಿಂದ ಶ್ರಾವ್ಯಾ — "ಛೋಡ್ ಮಮ್ಮಿ, ಬಿಡು. ಹೋಗ್ತೇನೆ."

ಶುಕ್ರವಾರ, 13

ವಾಚ್‌ಮನ್ ಏಳುವ ಮೊದಲೇ ಹೊರಟೆವು. ಅವಳ ಮುಖಕ್ಕೆ ದುಪಟ್ಟಾ. ಮುಂಬಯಿಯದೇ ಅಕ್ಸಾ ಬೀಚ್. ಬಾಲಿಗೆಂದು ಕೊಂಡ ಟೊಪ್ಪಿ, ಕಪ್ಪು ಕನ್ನಡಕ. ಕನ್ನಡಕದ ಸ್ಟಿಕ್ಕರ್ ಇನ್ನೂ ಕಿತ್ತಿಲ್ಲ.

"ನಗು ಮಗಾ... ಆರಾಮದಲ್ಲಿರುವ ಹಾಗೆ."

"ಪಪ್ಪಾ, ಹಿಂದೆ ಚನೇವಾಲಾನ ಕಡಲೆ ಬುಟ್ಟಿ ಬರ್ತದೆ. ಫೋನ್ ಥೋಡಾ ಈ ಕಡೆ ಹಿಡಿ."

ಹಿಡಿದೆ. ನಕ್ಕಳು. ಫೋಟೋ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಅವಳ ಫೋನಿಗೂ ಒಂದು ಫೋಟೋ — ಗೆಳತಿಯರು ಬಾಲಿಯ ಮರಳಿನಲ್ಲಿ ಇವಳ ಹೆಸರು ಬರೆದಿದ್ದಾರೆ. ನೋಡಿದಳು. ಫೋನ್ ಮಗುಚಿಟ್ಟಳು.

"ಪಪ್ಪಾ, ನಾನು ವಾಪಸ್ ಯಾವಾಗ ಬರೋದು?"

"ಭಾನುವಾರ."

"ಅಲ್ಲಿವರೆಗೆ ಇಲ್ಲೇ ಕೂತ್ಕೊಳ್ಲಾ?"

ಬೆಳಕಿನಲ್ಲಿ ಮನೆಗೆ ಹೋಗುವಂತಿಲ್ಲ. ಕತ್ತಲಾಗುವವರೆಗೆ ಕೂತೆವು, ಬಿಸಿಲಿನಲ್ಲಿ. ಇಡೀ ದಿನ ಆರಾಮ.

ಫೋಟೋ ಗ್ರೂಪಿಗೆ ಹಾಕಿದೆ. ರಮಾನಾಥಣ್ಣ ಬರೆದರು — "ಆಹಾ, ಎಂಥಾ ಕಡಲು! ನಮ್ಮ ಮುಂಬಯಿಯಲ್ಲಿ ಇಂಥದ್ದು ಕಾಣಲಿಕ್ಕುಂಟಾ?"

ಭಾನುವಾರ, 15, ಸಂಜೆ

ಕೆಳಗೆ ಮೈಕ್ ಟೆಸ್ಟಿಂಗ್. ಸ್ವಾಗತ ಸಮಾರಂಭ. ಅವಳು ಪ್ರವಾಸದ ಅನುಭವ ಹೇಳಬೇಕಂತೆ. ನಿರೂಪಣೆ ನನ್ನದು. "ಕಂಡು ಬಂದಳು ಕಡಲ ತೀರ..." ಮುಂದಿನ ಸಾಲು ಬರುತ್ತಿಲ್ಲ.

ಶ್ರಾವ್ಯಾ ಹೊರಗೆ ಬಂದಳು. ಅದೇ ಟೊಪ್ಪಿ. ಬಿಚ್ಚದ ಸೂಟ್‌ಕೇಸು.

"ಪಪ್ಪಾ, ಹಿಂದಿನ ಗೇಟಿನಿಂದ ಹೋಗಿ ಮುಂದಿನ ಗೇಟಿನಿಂದ ಬರ್ಲಾ? ಅಲ್ಲಿ ಎಂತ ತಿಂದೆ ಅಂತ ಹೇಳ್ಲಿ?"

ಸಿಟ್ಟಿಲ್ಲ ಅವಳಿಗೆ. ಬೈದಿದ್ದರೆ ಒಳ್ಳೆಯದಿತ್ತು. ಸೇವಂತಿ ಗೋಡೆಯ ಕಡೆ ತಿರುಗಿ ನಿಂತಿದ್ದಾಳೆ.

ಮಾನ್ಯ ಅಧ್ಯಕ್ಷರೇ, ಗಣ್ಯರೇ — ನನ್ನ ಮಗಳು ಎಲ್ಲಿಗೂ ಹೋಗಿಲ್ಲ. ಅವಳಿಗೆ ನಾಚಿಕೆ ಆಗಿರಲಿಲ್ಲ, ಅಳು ಬಂದಿತ್ತು ಅಷ್ಟೇ. ನಾಚಿಕೆ ಆದದ್ದು ನನಗೆ. ಅದಕ್ಕೆ ಅವಳನ್ನು ಕತ್ತಲಲ್ಲಿ ಕೂರಿಸಿದೆ.

ಮೈಕಿನಲ್ಲಿ ನನ್ನ ಹೆಸರು ಕೂಗುತ್ತಿದ್ದಾರೆ. ಮೆಟ್ಟಿಲಲ್ಲಿ ಸೂಟ್‌ಕೇಸಿನ ಸದ್ದು... ಮಗಾ, ನಿಲ್ಲು, ನಿಜ ನಾನೇ ಹೇಳ್ತೇನೆ —