ನನ್ನ ವಾರಗಿತ್ತಿಯ ಗ್ಯಾಸ್ ವ್ಯಾನನ್ನೂ ಒಮ್ಮೆ ಬಗ್ಗಿ ನೋಡಿ

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ನನ್ನ ವಾರಗಿತ್ತಿಯ ವ್ಯಾನು ನಿಮ್ಮ ಅಂಗಳದಲ್ಲಿ ಪಾಸಾಯಿತು, ನನ್ನದು ಫೇಲಾಯಿತು. ಈ ಪತ್ರವನ್ನು ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ. ಆ ಆರೋಪ ಹೊರಿಸುವ ಶ್ರಮ ತಮಗೆ ಬೇಡ. ನನ್ನ ಕಿಚ್ಚಿಗೆ ಪೆಟ್ರೋಲೂ ಬೇಡ, ಗ್ಯಾಸೂ ಬೇಡ, ತಮ್ಮ ಮೊಹರೊಂದೇ ಸಾಕು.

ನಾವಿಬ್ಬರೂ ಒಂದೇ ಮನೆಯ ಸೊಸೆಯಂದಿರು. ನಾನು ಕೆಳಗಿನ ಮಹಡಿ, ಮೈದುನನ ಹೆಂಡತಿಯಾದ ಅವಳು ಮೇಲಿನ ಮಹಡಿ. ಇಬ್ಬರೂ ಶಾಲೆಗೆ ಮಕ್ಕಳನ್ನು ಬಿಡುವ ವ್ಯಾನು ಓಡಿಸುತ್ತೇವೆ. ಪೆಟ್ರೋಲು ಕೈ ಸುಡತೊಡಗಿದಾಗ ಒಬ್ಬನೇ ಮೆಕ್ಯಾನಿಕ್ ಹತ್ತಿರ ಗ್ಯಾಸ್ ಕಿಟ್ ಹಾಕಿಸಿದೆವು. ಹಿಂದಿನ ಸೀಟಿನ ಬೆನ್ನಿಗೆ ಇಬ್ಬರದೂ ಒಂದೇ ಥರದ ಸಿಲಿಂಡರು, ಅದನ್ನು ಬಿಗಿದ ಕಬ್ಬಿಣದ ಪಟ್ಟಿಯೂ ಒಂದೇ ಥರದ್ದು. ವ್ಯತ್ಯಾಸ ಇಷ್ಟೇ: ಅವಳ ವ್ಯಾನಿಗೆ ಹೊಸ ಬಣ್ಣ, ನನ್ನದಕ್ಕೆ ಮೈತುಂಬ ತಗ್ಗು. ತಮ್ಮ ಇನ್‌ಸ್ಪೆಕ್ಟರು ಅವಳಿಗೆ, "ಗಾಡಿ ಚೆನ್ನಾಗಿ ಇಟ್ಕೊಂಡಿದ್ದೀರಮ್ಮ" ಎಂದು ಹಿಂಬಾಗಿಲನ್ನೂ ತೆರೆಯದೆ ಮೊಹರು ಒತ್ತಿದರು. ನನ್ನ ವ್ಯಾನಿನೊಳಗೆ ಮಾತ್ರ ಟಾರ್ಚು ಹಿಡಿದು ತೆವಳಿ, "ಪಟ್ಟಿ ಸಡಿಲ" ಎಂದರು. ನಿಯಮಗಳಿಗೂ ಬಣ್ಣದ ಮೇಲೆ ಇಷ್ಟು ವ್ಯಾಮೋಹವೇ?

ಅಂದಿನಿಂದ ಗ್ಯಾಸಿಗೆ ಅನುಮತಿಯಿಲ್ಲದೆ ಖಾಲಿ ಸಿಲಿಂಡರು ಹೊತ್ತುಕೊಂಡು ಪೆಟ್ರೋಲು ಸುಡುತ್ತಿದ್ದೇನೆ. ಅವಳು ಬಾಡಿಗೆ ಇಳಿಸಿದಳು. ನನ್ನ ವ್ಯಾನಿನ ಮಕ್ಕಳು ಒಬ್ಬೊಬ್ಬರಾಗಿ ಅವಳ ಕಿಟಕಿಯಿಂದ ನನಗೆ ಕೈ ಬೀಸತೊಡಗಿದರು. ಅದನ್ನೂ ನುಂಗಿಕೊಂಡೆ. ಆದರೆ ಆಸ್ಪತ್ರೆಗೆ ಹೊರಟ ಅತ್ತೆ, ನಾನು ಬಾಗಿಲು ತೆರೆದು ನಿಂತಿದ್ದರೂ, "ಅವಳ ಗಾಡೀಲೇ ಹೋಗ್ತೀನಮ್ಮ, ನೀನ್ಯಾಕೆ ಸುಮ್ನೆ ಪೆಟ್ರೋಲ್ ಸುಡ್ತೀಯ?" ಎಂದರಲ್ಲ, ಅದನ್ನು ಮಾತ್ರ ನುಂಗಲಾಗಲಿಲ್ಲ.

ಕಳೆದ ವಾರ ಶಾಲೆಯ ಗೇಟಿನ ಮುಂದೆ ಅವಳ ವ್ಯಾನಿನ ಹಿಂದೆಯೇ ನಿಂತಿದ್ದೆ. ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಓಡಿಹೋಗಿ, "ಇಂಜಿನ್ ಆಫ್ ಮಾಡು! ಮಕ್ಕಳನ್ನ ಇಳಿಸು!" ಎಂದು ಕೂಗಿದೆ.

"ಅಕ್ಕಾ, ನನ್ನ ಗಾಡಿ ಕಂಡ್ರೆ ನಿಮಗಾಗಲ್ಲ, ಗೊತ್ತು. ಮಕ್ಕಳ ಮುಂದೆ ಬೇಡ" ಎಂದಳು.

ವಾದಕ್ಕೆ ನಿಲ್ಲದೆ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದೆ. ಬಾಗಿಲು ತೆರೆದು ಮಕ್ಕಳನ್ನು ಬ್ಯಾಗು ಸಮೇತ ಎಳೆದು ಇಳಿಸಿದೆ. ಅಷ್ಟರಲ್ಲಿ ಅವಳಿಗೂ ವಾಸನೆ ಬಂದಿತ್ತು. ಅವಳೇ ಸಿಲಿಂಡರಿನ ವಾಲ್ವು ಮುಚ್ಚಿದಳು. ಮೆಕ್ಯಾನಿಕ್ ಬಂದು ನೋಡಿದ. ಸಡಿಲ ಪಟ್ಟಿಯಲ್ಲಿ ಸಿಲಿಂಡರು ಅಲುಗಾಡಿ ಪೈಪಿನ ಬೆಸುಗೆ ಬಿಟ್ಟಿತ್ತು. ನನ್ನ ವ್ಯಾನಿನಲ್ಲಿ ತಾವು ಕಂಡುಹಿಡಿದ ಅದೇ ದೋಷ! ಅವಳು ರಸ್ತೆಬದಿಯಲ್ಲಿ ಕೂತು ಅತ್ತಳು. "ಅಕ್ಕಾ, ನಿಮ್ಮ ಗಾಡೀನ ಒಳಗೆ ಹೋಗಿ ನೋಡಿದ್ರಲ್ಲ, ನೀವೇ ಪುಣ್ಯವಂತರು" ಎಂದಳು. ಜೀವಮಾನದಲ್ಲಿ ಮೊದಲ ಸಲ ಅವಳು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಳು. ಅದನ್ನು ಸವಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರುದಿನ ಪಟ್ಟಿ, ಪೈಪು ಸರಿಮಾಡಿಸಿಕೊಂಡು ಇಬ್ಬರೂ ತಮ್ಮ ಕಚೇರಿಗೆ ಬಂದೆವು. ಅವಳಿಗೆ ಸಿಕ್ಕ ಉತ್ತರ: "ಪಾಸಾಗಿರೋ ಗಾಡೀನ ಮತ್ತೆ ಯಾಕಮ್ಮ ನೋಡೋದು?" ನನಗೆ ಸಿಕ್ಕಿದ್ದು: "ಫೇಲಾಗಿರೋ ಗಾಡಿ, ಇಷ್ಟು ಬೇಗ ಮತ್ತೆ ಹೇಗಮ್ಮ ನೋಡೋದು?" ಹಾಗಾದರೆ ತಾವು ನೋಡುವ ಗಾಡಿ ಯಾವುದು, ಸ್ವಾಮಿ? ಕಾರ್ಖಾನೆಯಿಂದ ಇನ್ನೂ ಹೊರಬೀಳದಿರುವುದೇ?

ನನ್ನ ಬೇಡಿಕೆ ಸಣ್ಣದು. ಎರಡೂ ವ್ಯಾನುಗಳ ಹಿಂಬಾಗಿಲು ತೆರೆಸಿ, ಟಾರ್ಚು ಹಿಡಿದು, ಮೊಣಕಾಲೂರಿ ನೋಡಿ. ಅವಳದನ್ನೇ ಮೊದಲು ನೋಡಿ. ಇದರಲ್ಲೂ ಅವಳೇ ಮೊದಲಾದಳಲ್ಲ ಎಂದು ಬರೆಯುವಾಗಲೇ ಹೊಟ್ಟೆ ಉರಿಯುತ್ತಿದೆ. ಆದರೂ ಅವಳದೇ ಮೊದಲು. ಮಕ್ಕಳೆಲ್ಲ ಈಗ ಅದರಲ್ಲೇ ಕೂರುತ್ತಾರೆ.

ಇಂತಿ,
ತಮ್ಮ ಕಣ್ಣಿಗೆ ಬಿದ್ದ ಒಂದೇ ತಪ್ಪಿಗೆ ಫೇಲಾದ,
ಕೆಳಗಿನ ಮಹಡಿಯ ಹಿರಿಸೊಸೆ