ನಡೆದು ಬಂದ ಗುರುತುಗಲ್ಲು

ಸೊಲ್ಡಾಂಗ್
ಜೂನ್ ೪

ಪ್ರೀತಿಯ ಮಗಳು ಝೈನಬ್‌ಗೆ ಚಿಕ್ಕಪ್ಪ ಮೆಹದಿಯ ಸಲಾಂ.

ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಬೈ, ಆದರೆ ಮೆತ್ತಗೆ ಬೈ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ಈ ಕಣಿವೆಯಲ್ಲಿ ನನ್ನಷ್ಟು ದುಂಡಗೆ ಬರೆಯುವವನು ಇನ್ನೊಬ್ಬನಿಲ್ಲ. ದುಂಡಗೆ ಬರೆಯಲು ಹೊತ್ತು ಹಿಡಿಯುತ್ತದೆ.

"ಜುಲೈನಲ್ಲಿ ಅಮ್ಮನ್ನ ಕರ್ಕೊಂಡು ಹಿಮನದಿ ದಾಟಿ ಹುಲ್ಲುಗಾವಲಿಗೆ ಹೋಗ್ತೀನಿ, ಅಪ್ಪ ಹೋದ ದಾರೀಲೇ. ಗುರುತುಗಲ್ಲು ನೀನೇ ಇಡ್ಬೇಕು ಚಿಕ್ಕಪ್ಪ. ಅಪ್ಪ ನಿನ್ನ ಕಲ್ಲು ಬಿಟ್ಟು ಬೇರೆಯವರದ್ದು ನಂಬ್ತಿರಲಿಲ್ವಂತೆ" ಎಂದು ಬರೆದಿದ್ದೀಯ. ನಿಜ. ಅಣ್ಣ ಹಿಮನದಿಯ ಬಿರುಕಿಗೆ ಬಿದ್ದು ಇಪ್ಪತ್ತೆರಡು ವರ್ಷವಾಯಿತು, ನೀನಾಗ ತೊಟ್ಟಿಲಲ್ಲಿದ್ದೆ.

ನಿನ್ನಮ್ಮ ಗಟ್ಟಿಯಾಗಿದ್ದಾಳೆ. ನಿನ್ನೆ ಉಪ್ಪು ಚಹಾ ಬಗ್ಗಿಸುತ್ತಾ, "ಏನೋ ಮೆಹದಿ, ಹಿಮನದೀನ ನೀನೇ ತಳ್ಕೊಂಡು ಬಂದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯಂತೆ?" ಅಂದಳು.

"ಅರ್ಧ ತಳ್ಳಿದ್ದೀನಿ ಅತ್ತಿಗೆ, ಮಿಕ್ಕರ್ಧ ನನಗೆ ಹೆದರಿ ತಾನೇ ಬಂತು" ಅಂದೆ.

ನಗೆಯಿರಲಿ. ನಮ್ಮ ಊರೇ ಅದು ಹೊತ್ತು ತಂದು ಸುರಿದ ಗುಡ್ಡೆಯ ಮೇಲಿದೆ. ಬೆಟ್ಟವನ್ನು ಕೆರೆದು, ಬಂಡೆಗಳನ್ನು ಬೆನ್ನಿಗೇರಿಸಿಕೊಂಡು, ಉಳಿದದ್ದನ್ನು ಹಿಟ್ಟಿನಂತೆ ಅರೆದು ಹೊಳೆಗೆ ಬಿಡುತ್ತದೆ. ಬಿರುಕು ತಪ್ಪಿಸಿ ಹೋಗುವ ದಾರಿ ತೋರಲು ನಾವಿಡುವ ಕಲ್ಲೂ ಹಿಮದ ಜೊತೆ ವರ್ಷಕ್ಕೆ ನೂರು ಹೆಜ್ಜೆ ಕೆಳಗೆ ನಡೆಯುತ್ತದೆ. ಬಿರುಕು ಮಾತ್ರ ನಡೆಯುವುದಿಲ್ಲ; ತಳದ ಬಂಡೆ ಕಡಿದಾದಲ್ಲಿ, ಅದೇ ಜಾಗದಲ್ಲಿ ಬಾಯಿ ತೆರೆದುಕೊಂಡಿರುತ್ತದೆ. ಅದಕ್ಕೇ ಪ್ರತಿ ವಸಂತದಲ್ಲೂ ಕಲ್ಲುಗಳನ್ನು ಮತ್ತೆ ಮೇಲಕ್ಕೆ ತಂದಿಡುವುದು ನಮ್ಮ ಮನೆಯವರ ಕೆಲಸ.

ಈಗ ಬೆಳಗಾದರೆ ಹಿಮನದಿ ಮುಗಿಯುವ ಮೂತಿಯ ಬಳಿ ಹೋಗಿ ಕೂರುತ್ತೇನೆ. ಒಳಗೆ ಯಾರೋ ಹಲ್ಲು ಕಡಿಯುವ ಹಾಗೆ ಕಲ್ಲು ಕಲ್ಲನ್ನು ಅರೆಯುವ ಸದ್ದು. ಮೂರು ವಾರದ ಕೆಳಗೆ ಕೆಂಪು ಬಳಿದ ಕಲ್ಲೊಂದು ಉರುಳಿ ಕಾಲ ಬಳಿ ಬಿತ್ತು. ಮರುದಿನ ಇನ್ನೆರಡು. ನನ್ನದೇ ಬಣ್ಣ, ನನ್ನದೇ ಮೂರು ಗೀಟು. ಒಂದೊಂದಾಗಿ ಕೈಗೆ ಕೊಡುತ್ತಿರುವ ಹಾಗೆ. ಕೊಟ್ಟವನು ಅಲ್ಲೇ ನಿಂತಿದ್ದಾನೆ ಅನ್ನಿಸಿ ತಲೆಯೆತ್ತಿ ನೋಡುತ್ತೇನೆ.

ಈ ಸಲ ಕಲ್ಲಿಡಲು ಪಕ್ಕದ ಮನೆಯ ಕುಲ್ಸುಮಳಿಗೆ ಹೇಳಿದ್ದೇನೆ. ಕೋಲಿನಿಂದ ಚುಚ್ಚಿ ನೋಡದೆ ಹೆಜ್ಜೆಯಿಡುವವಳಲ್ಲ. "ಏನ್ ಮಾಮಾ, ಹುಲಿಗೆ ಕಾಲು ಸೋತು ಹೋಯ್ತಾ?" ಅಂದಳು. ಹೌದು ಅಂದೆ.

ನಿನ್ನ ಒಲೆ ಆರದಿರಲಿ, ನಿನ್ನವರೆಲ್ಲ ಕ್ಷೇಮವಾಗಿ ಮನೆ ಸೇರುತ್ತಿರಲಿ.

ನಿನ್ನ ಚಿಕ್ಕಪ್ಪ,
ಮೆಹದಿ

ತಾ.ಕ.: ಕಾಲು ಸೋತಿಲ್ಲ. ಅಣ್ಣ ಬಿದ್ದ ವರ್ಷ ಪೋಲೋ ಆಟ ನೋಡಲು ಶಿಗರ್‌ಗೆ ಹೋದವನು ಕಲ್ಲುಗಳನ್ನು ಮೇಲಕ್ಕೆ ತಂದಿಡಲೇ ಇಲ್ಲ. ಹುಲ್ಲುಗಾವಲಿಗೆ ಹೊರಡುವಾಗ ಅಣ್ಣ, "ಇಟ್ಟೆಯೇನೋ?" ಅಂತ ಕೇಳಿದ. "ಮೆಹದೀನ ಕೇಳ್ತೀಯಾ? ಕಣ್ಮುಚ್ಕೊಂಡು ಹೋಗು" ಅಂದೆ. ಅವನನ್ನು ಹುಡುಕಲು ಹೋದಾಗ ನೋಡಿದೆ: ಹಿಂದಿನ ವರ್ಷದ ಕಲ್ಲುಗಳು ನಡೆದು ಬಂದು ಬಿರುಕಿನ ಬಾಯಿಗೇ ಸಾಲಾಗಿ ನಿಂತಿದ್ದವು. ಅವನ ಹೆಜ್ಜೆ ಒಂದೂ ಸಾಲು ತಪ್ಪಿರಲಿಲ್ಲ. ಈಗ ಮೂತಿಯಲ್ಲಿ ಉರುಳಿ ಬರುತ್ತಿರುವುದು ಅವೇ ಕಲ್ಲು. ಊರಿಗೆಲ್ಲ, "ಹೊಸ ಬಿರುಕು" ಅಂದೆ. ಶುಕ್ರವಾರ ನಿನ್ನಮ್ಮನಿಗೆ ಹೇಳುತ್ತೇನೆ. ನಿನಗೆ ಮೊದಲು ಬರೆದದ್ದು ಯಾಕೆಂದರೆ, ಈ ಕಾಗದ ಟಪಾಲಿನ ಜೀಪು ಹತ್ತಿದ ಮೇಲೆ ನಾನು ಹಿಂದೆ ಸರಿಯುವ ಹಾಗಿಲ್ಲ.